ಜಾವಾ ದ್ವೀಪದ ಕಾಫಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡೋನೇಷ್ಯಾ ಪ್ರವಾಸಕ್ಕೆ ಹೊರಟವರು, ಅಂಗಡಿಯಲ್ಲಿ ‘ಜಾವಾ’ ಎಂದು ಬರೆದ ಪ್ಯಾಕೆಟ್ ಕಂಡವರು, ಮಲೆನಾಡು–ಕೊಡಗಿನ ಬೆಳೆಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಎರಡು ಮಾತು ಸಾಕು. ಕೆಲವಕ್ಕೆ ಮುನ್ನೂರು ವರ್ಷ ಹಿಂದಕ್ಕೆ ಹೋಗಲೇಬೇಕು.

ಜಾವಾದಲ್ಲಿ ಕಾಫಿ ಎಲ್ಲೆಲ್ಲಿ ಬೆಳೆಯುತ್ತಾರೆ?

ಪೂರ್ವ–ಪಶ್ಚಿಮವಾಗಿ ಸುಮಾರು 1000 ಕಿಲೋಮೀಟರ್ ಉದ್ದದ ದ್ವೀಪ ಅದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಜ್ವಾಲಾಮುಖಿಗಳ ಸಾಲು. ಕಾಫಿ ಇರುವುದು ಆ ಬೆಟ್ಟಗಳ ಇಳಿಜಾರಿನಲ್ಲಿ, ಬೂದಿಯಿಂದಾದ ಕಪ್ಪು ಮಣ್ಣಿನಲ್ಲಿ. ಪಶ್ಚಿಮದಲ್ಲಿ ಬಂಡುಂಗ್ ನಗರದ ಸುತ್ತಲಿನ ಪ್ರಿಯಾಂಗಾನ್ ಬೆಟ್ಟಗಳು. ನಡುವೆ ಸಿಂಡೊರೊ, ಸುಂಬಿಂಗ್ ಬೆಟ್ಟಗಳ ಮಗ್ಗುಲಲ್ಲಿ ತೆಮಂಗುಂಗ್ ಸೀಮೆ, ಇಲ್ಲಿ ಹೊಗೆಸೊಪ್ಪೂ ಕಾಫಿಯೂ ಅಕ್ಕಪಕ್ಕ ಬೆಳೆಯುತ್ತವೆ. ಪೂರ್ವದಲ್ಲಿ ಮಲಾಂಗ್‌ನ ತೆಂಕಣ ಭಾಗ, ಬನ್ಯುವಾಂಗಿ, ಎಲ್ಲಕ್ಕಿಂತ ಹೆಸರಾದ ಇಜೆನ್ ಪ್ರಸ್ಥಭೂಮಿ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ, ಸಾಮಾನ್ಯವಾಗಿ 1000 ಮೀಟರಿಗಿಂತ ಮೇಲೆ ಅರೇಬಿಕಾ, ಕೆಳಗೆ ರೊಬಸ್ಟಾ.

ಇಂಡೋನೇಷ್ಯಾದ ಕಾಫಿಯಲ್ಲಿ ದೊಡ್ಡ ಪಾಲು ಇಂದು ಬರುವುದು ಜಾವಾದಿಂದಲ್ಲ, ಪಕ್ಕದ ಸುಮಾತ್ರಾದ ದಕ್ಷಿಣ ಭಾಗದಿಂದ. ಆದರೆ ಕಾಫಿಯ ಚರಿತ್ರೆಯಲ್ಲಿ ಜಾವಾಕ್ಕಿರುವ ಜಾಗ ಸುಮಾತ್ರಾಕ್ಕಿಲ್ಲ.

ಜಾವಾಕ್ಕೆ ಕಾಫಿ ಹೋಗಿದ್ದು ನಮ್ಮ ಕಡೆಯಿಂದ ಅಂತಾರೆ. ನಿಜವೇ?

ನಿಜ. 1696ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರಾಧ್ಯಕ್ಷ ನಿಕೊಲಾಸ್ ವಿಟ್ಸೆನ್‌ನ ಒತ್ತಾಯದ ಮೇಲೆ, ಮಲಬಾರಿನಲ್ಲಿದ್ದ ಡಚ್ ಅಧಿಕಾರಿ ಆಡ್ರಿಯಾನ್ ವಾನ್ ಓಮೆನ್ ಕಣ್ಣೂರಿನಿಂದ ಕಾಫಿ ಸಸಿಗಳನ್ನು ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ, ಹಡಗಿನಲ್ಲಿ ಕಳಿಸಿದ. ನೆಟ್ಟ ಗಿಡಗಳನ್ನು ಪ್ರವಾಹ ಕೊಚ್ಚಿಕೊಂಡು ಹೋಯಿತು. 1699ರಲ್ಲಿ ಹೆನ್ರಿಕಸ್ ಜ್ವಾರ್ಡೆಕ್ರೂನ್ ಎಂಬಾತ ಮತ್ತೆ ಮಲಬಾರಿನಿಂದ ಗಿಡ ತರಿಸಿದ. ಈ ಸಲ ಬೇರೂರಿತು. ಹನ್ನೆರಡೇ ವರ್ಷಕ್ಕೆ, 1711ರ ಹೊತ್ತಿಗೆ, ಜಾವಾದ ಕಾಫಿ ಯುರೋಪಿಗೆ ಹೊರಟಿತ್ತು.

ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದು ಜನ ಹೇಳಿಕೊಂಡು ಬಂದದ್ದು, ಕಾಲವೂ ಅದೇ 17ನೇ ಶತಮಾನ. ಚಿಕ್ಕಮಗಳೂರಿಗೂ ಕಣ್ಣೂರಿಗೂ ನಡುವೆ ಇರುವುದು ಘಟ್ಟ ಇಳಿಯುವಷ್ಟು ದೂರ. ಹೀಗಾಗಿ ಜಾವಾದ ಗಿಡ ಬಾಬಾಬುಡನ್‌ಗಿರಿಯದೇ ಸಂತಾನ ಎಂದು ಹೇಳುವವರು ಬಹಳ. ಕಾಗದದ ಆಧಾರ ಇರುವುದು ಮಲಬಾರ್ ಕರಾವಳಿಯವರೆಗೆ. ಅಷ್ಟಕ್ಕೇ ನಾವು ಹೆಮ್ಮೆಪಡಬಹುದು. ಏಕೆಂದರೆ ಕಥೆ ಅಲ್ಲಿಂದ ಮುಂದೆ ಇನ್ನೂ ದೊಡ್ಡದು: 1706ರಲ್ಲಿ ಜಾವಾದಿಂದ ಒಂದು ಗಿಡ ಆಮ್‌ಸ್ಟರ್‌ಡ್ಯಾಮ್‌ನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಮರಿಯೊಂದನ್ನು 1714ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಗೆ ಉಡುಗೊರೆಯಾಗಿ ಕೊಟ್ಟರು. ಪ್ಯಾರಿಸ್ಸಿನ ಆ ವಂಶದ ಸಸಿಯನ್ನು ದ ಕ್ಲಿಯೂ ಎಂಬ ನೌಕಾಧಿಕಾರಿ 1720ರ ದಶಕದಲ್ಲಿ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪಕ್ಕೆ ಒಯ್ದ. ಟಿಪಿಕಾ ಎಂಬ ಅರೇಬಿಕಾ ತಳಿ ಅಮೆರಿಕ ಖಂಡಕ್ಕೆ ಹಬ್ಬಿದ್ದು ಹೀಗೆ. ಜಮೈಕಾದ ಬ್ಲೂ ಮೌಂಟನ್ ಕಾಫಿಯನ್ನು ದುಬಾರಿ ಬೆಲೆ ಕೊಟ್ಟು ಕುಡಿಯುವವರು ಆ ಗಿಡ ಒಮ್ಮೆ ಕಣ್ಣೂರಿನಿಂದ ಹಡಗು ಹತ್ತಿದ್ದನ್ನೂ ತಿಳಿದಿರಬೇಕು ಅನಿಸುತ್ತದೆ ನನಗೆ.

ಡಚ್ಚರ ಕಾಲದಲ್ಲಿ ಬೆಳೆದವರ ಪಾಡು ಹೇಗಿತ್ತು?

ಈ ಪ್ರಶ್ನೆ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಡಚ್ ಈಸ್ಟ್ ಇಂಡಿಯಾ ಕಂಪನಿ ತಾನೇ ತೋಟ ಮಾಡಲಿಲ್ಲ. ಪ್ರಿಯಾಂಗಾನ್‌ನ ಸ್ಥಳೀಯ ಒಡೆಯರಿಗೆ ಇಂತಿಷ್ಟು ಕಾಫಿ ಒಪ್ಪಿಸಬೇಕೆಂದು ಕಟ್ಟಳೆ ಮಾಡಿತು. ‘ಬುಪಾತಿ’ ಎನಿಸಿಕೊಳ್ಳುತ್ತಿದ್ದ ಆ ಒಡೆಯರು ಅದನ್ನು ರೈತರ ಹೆಗಲಿಗೆ ಹೊರಿಸಿದರು. ಬೆಲೆ ಕಟ್ಟುತ್ತಿದ್ದವನು ಕೊಳ್ಳುವವನೇ. ಆ ಬೆಲೆಯಲ್ಲೂ ಒಡೆಯನ ಪಾಲು, ಮಧ್ಯದವರ ಪಾಲು ಕಳೆದು ಉಳಿದದ್ದು ಬೆಳೆದವನಿಗೆ. ಬೆಟ್ಟದಿಂದ ಉಗ್ರಾಣದವರೆಗೆ ಎಮ್ಮೆ, ಕುದುರೆಗಳ ಮೇಲೆ ಹೇರಿ ಸಾಗಿಸುವುದೂ ಅವನದೇ ಕೆಲಸ. 1808ರ ನಂತರ ಗವರ್ನರ್ ಜನರಲ್ ಡಾಂಡೆಲ್ಸ್ ದ್ವೀಪದ ಒಂದು ತುದಿಯ ಆನ್ಯರ್‌ನಿಂದ ಇನ್ನೊಂದು ತುದಿಯ ಪನಾರುಕಾನ್‌ವರೆಗೆ ಹೆದ್ದಾರಿ ಮಾಡಿಸಿದ. ಇಂದಿಗೂ ಬಸ್ಸುಗಳು ಓಡಾಡುವ ಆ ದಾರಿಯನ್ನು ಕಡಿದವರಲ್ಲಿ ಬಿಟ್ಟಿ ದುಡಿಮೆಗೆ ಹಿಡಿದು ತಂದ ಜನ ಅಪಾರ. ಎಷ್ಟೋ ಮಂದಿ ಅಲ್ಲೇ ಸತ್ತರು.

1830ರಲ್ಲಿ ವಾನ್ ಡೆನ್ ಬಾಷ್ ಗವರ್ನರ್ ಜನರಲ್ ಆಗಿ ಬಂದ ಮೇಲೆ ಕಡ್ಡಾಯ ಬೇಸಾಯ ಇಡೀ ದ್ವೀಪದ ಪದ್ಧತಿಯಾಯಿತು. ಕಬ್ಬು, ನೀಲಿಗೆ ಗದ್ದೆಯ ಒಂದು ಪಾಲು ಬಿಡಬೇಕು. ಕಾಫಿಯಾದರೆ ಒಂದೊಂದು ಒಕ್ಕಲೂ ಇಷ್ಟು ಗಿಡ ನೋಡಿಕೊಳ್ಳಬೇಕು, ಹಣ್ಣು ಸರ್ಕಾರಕ್ಕೇ ಕೊಡಬೇಕು. ಡಚ್ ಖಜಾನೆಗೆ ಈ ಪದ್ಧತಿಯಲ್ಲಿ ಅತಿ ಹೆಚ್ಚು ಲಾಭ ತಂದದ್ದು ಕಾಫಿಯೇ. 1850ರ ದಶಕದಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರದ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಜಾವಾದ ದುಡಿಮೆಯಿಂದ ಬಂತು. ಡಚ್ಚರ ನಾಡಿನ ರೈಲು ಹಳಿಗಳಿಗೆ ಜಾವಾದ ಹಣ ಹೋಯಿತು. ಅದೇ ಹೊತ್ತಿನಲ್ಲಿ, 1840ರ ದಶಕದಲ್ಲಿ ಚಿರೆಬೊನ್, 1849–50ರಲ್ಲಿ ದೆಮಾಕ್ ಮತ್ತು ಗ್ರೊಬೊಗಾನ್ ಬರದಲ್ಲಿ ಬೆಂದವು. ಜನ ಹಸಿವಿನಿಂದ ಸತ್ತರು, ಊರು ಬಿಟ್ಟರು.

1870ರಿಂದ ಪದ್ಧತಿ ಸಡಿಲವಾಗುತ್ತ ಬಂದರೂ ಕಾಫಿಯ ಕಡ್ಡಾಯ ಬೇಗ ಹೋಗಲಿಲ್ಲ. ಪ್ರಿಯಾಂಗಾನ್‌ನಲ್ಲಿ ಅದು 20ನೇ ಶತಮಾನದ ಎರಡನೇ ದಶಕದವರೆಗೂ ಎಳೆದುಕೊಂಡು ಬಂತು. ಇಂದು ಅದೇ ಬೆಟ್ಟದ ರೈತ ತನ್ನ ಹಣ್ಣನ್ನು ತಾನೇ ಪಲ್ಪ್ ಮಾಡಿ (ಸಿಪ್ಪೆ ಬಿಡಿಸಿ), ತನ್ನ ಊರಿನ ಹೆಸರು ಹಾಕಿ ಮಾರುತ್ತಾನೆ. ಜಾವಾದ ಕಾಫಿಯಲ್ಲಿ ನನಗೆ ಎಲ್ಲಕ್ಕಿಂತ ಸಂತೋಷ ಕೊಡುವ ಸಂಗತಿ ಅದು.

ಇಷ್ಟು ಹೆಸರಾದ ಅರೇಬಿಕಾ ಇದ್ದರೂ ಅಲ್ಲಿ ರೊಬಸ್ಟಾವೇ ಏಕೆ ಹೆಚ್ಚು?

ಎಲೆತುಕ್ಕು ರೋಗದಿಂದ. ಶ್ರೀಲಂಕಾದಲ್ಲಿ 1869ರಲ್ಲಿ ಕಾಣಿಸಿಕೊಂಡ ಆ ಶಿಲೀಂಧ್ರ 1876ರ ಹೊತ್ತಿಗೆ ಜಾವಾ, ಸುಮಾತ್ರಾ ಮುಟ್ಟಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ, ಆಮೇಲೆ ಎಲೆ ಉದುರಿ ಬೋಳು ರೆಂಬೆ. ನಮ್ಮ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ತಗ್ಗಿನ ತೋಟಗಳೆಲ್ಲ ಹೋದವು. ಲೈಬೀರಿಕಾ ಎಂಬ ಇನ್ನೊಂದು ಜಾತಿ ತಂದು ನೋಡಿದರು, ಅದೂ ತಡೆಯಲಿಲ್ಲ. 1900ರ ಸುಮಾರಿಗೆ ಕಾಂಗೋ ಮೂಲದ ರೊಬಸ್ಟಾ ಬಂತು, ರೋಗಕ್ಕೆ ಬಗ್ಗಲಿಲ್ಲ. ಎತ್ತರದ ಇಜೆನ್‌ನಂಥ ಕಡೆಗಳಲ್ಲಿ ಮಾತ್ರ ಅರೇಬಿಕಾ ಉಳಿಯಿತು.

ನಮ್ಮ 795 ತಳಿ ಅಲ್ಲೂ ಇದೆಯಂತೆ?

ಇದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ಎಸ್.795 ಎಂಬ ಅರೇಬಿಕಾ ತಳಿ ಮುಂದೆ ಇಂಡೋನೇಷ್ಯಾಕ್ಕೆ ಹೋಯಿತು. ಪೂರ್ವ ಜಾವಾದ ಜೆಂಬರ್ ಊರಿನಲ್ಲಿ ಅವರ ಕಾಫಿ–ಕೋಕೊ ಸಂಶೋಧನಾ ಕೇಂದ್ರವಿದೆ. ಆ ಕೇಂದ್ರದ ಮೂಲಕ ಹಂಚಿಕೆಯಾದ್ದರಿಂದ ಬಾಲಿ, ಸುಲಾವೆಸಿಯ ರೈತರು ಈ ಗಿಡವನ್ನು ‘ಜೆಂಬರ್’ ಎಂದೇ ಕರೆಯುತ್ತಾರೆ. ಸುಲಾವೆಸಿಯ ತೊರಾಜಾ ಕಾಫಿಯ ಹೆಸರು ಕೇಳಿದ್ದರೆ, ಅದರಲ್ಲೂ ಬಾಳೆಹೊನ್ನೂರಿನ ಪಾಲಿದೆ ಎಂದು ತಿಳಿಯಿರಿ.

ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ. ಜಾವಾದ ಪೂರ್ವಕ್ಕಿರುವ ತಿಮೋರ್ ದ್ವೀಪದಲ್ಲಿ 1920ರ ದಶಕದಲ್ಲಿ ಒಂದು ಗಿಡ ಸಿಕ್ಕಿತು: ಅರೇಬಿಕಾ, ರೊಬಸ್ಟಾ ಎರಡೂ ತಾವಾಗಿ ಕೂಡಿ ಹುಟ್ಟಿದ್ದು, ಎಲೆತುಕ್ಕನ್ನು ತಡೆಯುವಂಥದ್ದು. ಜಗತ್ತಿನ ತುಕ್ಕುನಿರೋಧಕ ಅರೇಬಿಕಾ ತಳಿಗಳಲ್ಲಿ ಬಹುಪಾಲು ಅದರ ರಕ್ತದವು. ನಮ್ಮ ಕಾವೇರಿ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ, ಎರಡೂ ಅದೇ ಬಳಗ. ನಿಮ್ಮ ತೋಟದಲ್ಲಿ ಚಂದ್ರಗಿರಿ ಇದ್ದರೆ ತಿಮೋರ್‌ನ ಋಣ ನಿಮ್ಮ ಮೇಲಿದೆ.

ಅಲ್ಲಿ ಕೊಯ್ಲು ಯಾವಾಗ?

ಜಾವಾ ಸಮಭಾಜಕ ವೃತ್ತದ ತೆಂಕಣಕ್ಕಿದೆ, ಕಾಲ ನಮಗೆ ತಿರುಗುಮುರುಗು. ಹೆಚ್ಚುಕಡಿಮೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಹಣ್ಣು ಬಿಡಿಸುತ್ತಾರೆ. ನಮ್ಮಲ್ಲಿ ಮಳೆ ಹೊಡೆಯುವಾಗ ಅಲ್ಲಿ ಒಣ ಹವೆ, ಕಣದಲ್ಲಿ ಕಾಫಿ. ನಮ್ಮ ತೋಟದವರಿಗೆ ಬಿಡುವಿರುವ ತಿಂಗಳಲ್ಲಿ ಹೋಗಿ ಅವರ ಕೊಯ್ಲು ನೋಡಿ ಬರಬಹುದು.

ತೆಮಂಗುಂಗ್ ಕಡೆಯ ಹಳ್ಳಿಗಳಲ್ಲಿ ಕೊಯ್ಲಿಗೆ ಮೊದಲು ‘ವಿವಿತ್ ಕೋಪಿ’ ಎಂಬ ಆಚರಣೆ ಉಂಟು. ಶಿಖರದ ಆಕಾರಕ್ಕೆ ಒತ್ತಿದ ಅನ್ನ, ಅದರ ಸುತ್ತ ಪಲ್ಯ, ಕೋಳಿ. ತೋಟಕ್ಕೆ ಹೊತ್ತು ತಂದು, ಹಿರಿಯರು ಪ್ರಾರ್ಥನೆ ಮಾಡಿ, ಮೊದಲ ಹಣ್ಣು ಬಿಡಿಸಿ, ಎಲ್ಲರೂ ಅಲ್ಲೇ ಕೂತು ಉಣ್ಣುತ್ತಾರೆ.

‘ಓಲ್ಡ್ ಬ್ರೌನ್ ಜಾವಾ’ ಅಂದರೇನು? ಹಳೆಯ ಕಾಫಿಗೆ ಯಾಕೆ ಬೆಲೆ?

ಹಾಯಿ ಹಡಗಿನ ಕಾಲದಲ್ಲಿ ಜಾವಾದಿಂದ ಯುರೋಪಿಗೆ ತಿಂಗಳುಗಟ್ಟಲೆ ಪಯಣ. ಹಡಗಿನ ಹೊಟ್ಟೆಯ ತೇವದಲ್ಲಿ ಹಸಿರು ಬೀಜ ಕಂದಾಗುತ್ತಿತ್ತು, ಹುಳಿ ಇಳಿದು ದಪ್ಪನೆಯ ರುಚಿ ಬರುತ್ತಿತ್ತು. ಜನಕ್ಕೆ ಅದೇ ನಾಲಿಗೆಗೆ ಹತ್ತಿತು. ಉಗಿಹಡಗು ಬಂದು, 1869ರಲ್ಲಿ ಸೂಯೆಜ್ ಕಾಲುವೆಯೂ ತೆರೆದ ಮೇಲೆ ಪಯಣ ಮೊಟಕಾಯಿತು. ಆ ರುಚಿ ಬೇಕೆನ್ನುವವರಿಗಾಗಿ ಬೀಜವನ್ನು ವರ್ಷಗಟ್ಟಲೆ ಉಗ್ರಾಣದಲ್ಲಿ ಹಳೆಯದು ಮಾಡಿ ಮಾರತೊಡಗಿದರು. ನಮ್ಮ ಮಾನ್ಸೂನ್ಡ್ ಮಲಬಾರ್ ಹುಟ್ಟಿದ್ದೂ ಇದೇ ಕಾರಣಕ್ಕೆ. ಮಂಗಳೂರು ಕಡೆಯ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಬೀಜವನ್ನು ಹರಡಿ ಉಬ್ಬಿಸುತ್ತಾರೆ.

ಬಂಡುಂಗ್‌ನ ಬಂಚೆಯ್ ಬೀದಿಯಲ್ಲಿ 1930ರಿಂದ ನಡೆಯುತ್ತಿರುವ ‘ಅರೋಮಾ’ ಎಂಬ ಹುರಿಯುವ ಅಂಗಡಿಯಿದೆ. ಅಲ್ಲಿ ಇಂದಿಗೂ ಬೀಜವನ್ನು ಗೋಣಿಚೀಲದಲ್ಲಿ ವರ್ಷಗಟ್ಟಲೆ ಇಟ್ಟು, ರಬ್ಬರ್ ಮರದ ಸೌದೆಯಲ್ಲಿ ಹುರಿಯುತ್ತಾರೆ.

ಹೊಸ ಜಾವಾ ಕಾಫಿಯ ರುಚಿ ಹೇಗಿರುತ್ತದೆ?

ಇಜೆನ್‌ನ ಸರ್ಕಾರಿ ತೋಟಗಳಾದ ಜಂಪಿತ್, ಬ್ಲಾವಾನ್, ಕಾಯುಮಾಸ್‌ಗಳಲ್ಲಿ ಅರೇಬಿಕಾವನ್ನು ನಮ್ಮ ಪಾರ್ಚ್‌ಮೆಂಟ್‌ನಂತೆಯೇ ಪಲ್ಪ್ ಮಾಡಿ, ಹುಳಿಸಿ, ತೊಳೆದು ಒಣಗಿಸುತ್ತಾರೆ. ಹೀಗಾಗಿ ರುಚಿ ಶುದ್ಧ, ಹುಳಿ ಹದವಾಗಿ, ಮೈ ತುಂಬಿದಂತೆ. ಸುಮಾತ್ರಾದ ಕಾಫಿಗಿರುವ ಮಣ್ಣಿನ ವಾಸನೆ ಇರುವುದಿಲ್ಲ. ಸುಮಾತ್ರಾದವರು ಬೀಜ ಇನ್ನೂ ಹಸಿಯಾಗಿರುವಾಗಲೇ ಸಿಪ್ಪೆ ಬಿಡಿಸುತ್ತಾರೆ, ವ್ಯತ್ಯಾಸಕ್ಕೆ ಅದು ಕಾರಣ. ಚಿಕ್ಕಮಗಳೂರಿನ ‘ಪ್ಲಾಂಟೇಶನ್ ಎ’ ದರ್ಜೆಯ ಕಾಫಿ ಕುಡಿದು ಬೆಳೆದವರಿಗೆ ಇಜೆನ್ ಕಾಫಿ ಅಪರಿಚಿತ ಅನಿಸುವುದಿಲ್ಲ.

ಜಾವಾದ ಜನ ಕಾಫಿ ಹೇಗೆ ಕುಡಿಯುತ್ತಾರೆ?

ಹೆಚ್ಚಿನವರು ‘ಕೋಪಿ ತುಬ್ರುಕ್’. ಫಿಲ್ಟರ್ ಇಲ್ಲ, ಸೋಸುವುದಿಲ್ಲ, ಹಾಲಿಲ್ಲ. ಗಾಜಿನ ಲೋಟಕ್ಕೆ ನುಣ್ಣಗಿನ ಪುಡಿ ಎರಡು ಚಮಚ, ಸಕ್ಕರೆ ಎರಡು ಚಮಚ. ಅದರ ಮೇಲೆ ಕುದಿಯುವ ನೀರು. ನೊರೆಯ ಜೊತೆ ಪುಡಿ ಮೇಲೆದ್ದು ಕಂದು ಮುಚ್ಚಳದಂತೆ ಕೂರುತ್ತದೆ. ಒಮ್ಮೆ ಕಲಕಿ, ಲೋಟದ ಮೇಲೆ ತಟ್ಟೆ ಮುಚ್ಚಿ ನಾಲ್ಕೈದು ನಿಮಿಷ ಬಿಡುತ್ತಾರೆ. ಪುಡಿ ತಳ ಸೇರಿದ ಮೇಲೆ ಲೋಟ ಅಲುಗಿಸದೆ ಮೇಲಿಂದ ಹೀರುತ್ತಾರೆ. ಕೆಳಗಿನ ಒಂದು ಬೆರಳಿನಷ್ಟು ಗಸಿಯನ್ನು ಹಾಗೇ ಬಿಡುತ್ತಾರೆ. ವಯಸ್ಸಾದವರು ತಟ್ಟೆಗೆ ಬಗ್ಗಿಸಿಕೊಂಡು ಆರಿಸಿ ಕುಡಿಯುವುದನ್ನು ನೋಡಿದರೆ ನಮ್ಮ ಅಜ್ಜಂದಿರು ನೆನಪಾಗುತ್ತಾರೆ.

ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಮಾತು: ಚಿಕೋರಿ ಬೆರೆಸಿದ ಪುಡಿ ಬೇಡ, ಪ್ಯೂರ್ ಪುಡಿಯನ್ನೇ ನುಣ್ಣಗೆ ಬೀಸಿಸಿ. ಚಿಕೋರಿ ನೀರಿನಲ್ಲಿ ಕರಗಿ ಮಂದವಾಗುತ್ತದೆ, ತಿಳಿ ನಿಲ್ಲುವುದಿಲ್ಲ. ಬೆರಕೆ ಅಲ್ಲಿಯೂ ಇಲ್ಲದಿಲ್ಲ. ಕಾಫಿ ದುಬಾರಿಯಾಗಿದ್ದ ದಿನಗಳಲ್ಲಿ ಹಳ್ಳಿಯವರು ಹುರಿದ ಮೆಕ್ಕೆಜೋಳ, ಅಕ್ಕಿ ಸೇರಿಸಿ ಬೀಸುತ್ತಿದ್ದರು. ಮೆಕ್ಕೆಜೋಳದ ಕಾಫಿ ಈಗಲೂ ಸಂತೆಗಳಲ್ಲಿ ಸಿಗುತ್ತದೆ.

ಕಾಫಿಗೆ ಕೆಂಡ ಹಾಕುತ್ತಾರಂತೆ?

ಹೌದು, ಯೋಗ್ಯಕರ್ತ ನಗರದಲ್ಲಿ. ‘ಕೋಪಿ ಜೋಸ್’ ಅಂತ ಹೆಸರು. ತುಗು ರೈಲು ನಿಲ್ದಾಣದ ಬಳಿಯ ಬೀದಿಯಲ್ಲಿ ಸಂಜೆಯಾದರೆ ತಳ್ಳುಗಾಡಿಗಳು, ಚಾಪೆಗಳು. ಸಕ್ಕರೆ ಹಾಕಿದ ಕಾಫಿಯ ಲೋಟದೊಳಗೆ ಇಕ್ಕಳದಿಂದ ನಿಗಿನಿಗಿ ಕೆಂಡವೊಂದನ್ನು ಇಳಿಬಿಡುತ್ತಾರೆ. ಚುಸ್ಸೆಂದು ಕುದಿದು ಉಕ್ಕುತ್ತದೆ. ಕೆಂಡ ಆರಿದ ಮೇಲೆ ತೆಗೆದು ಕುಡಿಯಬೇಕು. ಸಕ್ಕರೆ ಸ್ವಲ್ಪ ಸುಟ್ಟ ವಾಸನೆ ಬರುತ್ತದೆ. ಹೊಟ್ಟೆಗೆ ಒಳ್ಳೆಯದು ಎನ್ನುವುದು ಅಲ್ಲಿನವರ ನಂಬಿಕೆ. ಔಷಧ ಎಂದುಕೊಂಡು ಕುಡಿಯಬೇಡಿ. ಬಾಳೆಎಲೆಯಲ್ಲಿ ಕಟ್ಟಿದ ಒಂದು ಹಿಡಿ ಅನ್ನದ ಪೊಟ್ಟಣ ತೆಗೆದುಕೊಂಡು ಚಾಪೆಯ ಮೇಲೆ ಕೂತರೆ ಅಕ್ಕಪಕ್ಕದ ವಿದ್ಯಾರ್ಥಿಗಳು, ರಿಕ್ಷಾದವರು ತಾವಾಗಿ ಮಾತಿಗೆ ಬರುತ್ತಾರೆ.

ಗಸಿಯಿಂದ ಚಿತ್ರ ಬರೆಯುತ್ತಾರೆ ಎಂದು ಕೇಳಿದೆ. ಎಲ್ಲಿ?

ಉತ್ತರ ಕರಾವಳಿಯ ಲಾಸೆಮ್‌ನಲ್ಲಿ. ಬಾಟಿಕ್ ಬಟ್ಟೆಗೆ ಹೆಸರಾದ ಊರು. ಕಾಫಿ ಕುಡಿದ ಮೇಲೆ ತಟ್ಟೆಗೆ ಸುರಿದ ನುಣುಪಾದ ಗಸಿಯಿಂದ ನೀರನ್ನು ಕಾಗದದಲ್ಲಿ ಹೀರಿಸಿ, ಒಂದು ತೊಟ್ಟು ಗಟ್ಟಿ ಹಾಲು ಬೆರೆಸಿ ಅಂಟು ಮಾಡಿಕೊಳ್ಳುತ್ತಾರೆ. ಹಲ್ಲುಕಡ್ಡಿಯ ತುದಿಯಲ್ಲಿ ಅದನ್ನೆತ್ತಿ ಸಿಗರೇಟಿನ ಬಿಳಿ ಕಾಗದದ ಮೇಲೆ ಬಳ್ಳಿ, ಎಲೆ, ಚುಕ್ಕಿ. ಬಾಟಿಕ್ ಸೀರೆಯಂಚಿನ ಕುಸುರಿಯೇ ಬೆರಳುದ್ದದ ಸಿಗರೇಟಿನ ಮೇಲೆ ಮೂಡುತ್ತದೆ. ತುಲುಂಗಾಗುಂಗ್‌ನಲ್ಲೂ ಈ ರೂಢಿಯಿದೆ. ಇದಕ್ಕಾಗಿಯೇ ಪುಡಿಯನ್ನು ಹಲವು ಸಲ ಬೀಸಿ ಹಿಟ್ಟಿನಷ್ಟು ನಯ ಮಾಡುತ್ತಾರೆ. ಸಿಗರೇಟು ಒಳ್ಳೆಯದಲ್ಲ. ಆ ಕೈಗಳ ಕಸುಬನ್ನು ಮಾತ್ರ ಮೆಚ್ಚದೆ ಇರಲಾಗುವುದಿಲ್ಲ.

ಲುವಾಕ್ ಕಾಫಿ ಕೊಳ್ಳಬಹುದೇ?

ಬೇಡ.

ಲುವಾಕ್ ಎಂದರೆ ನಮ್ಮ ಕಾಡಂಚಿನಲ್ಲೂ ಇರುವ ಪುನುಗಿನ ಜಾತಿಯ ಪ್ರಾಣಿ. ರಾತ್ರಿ ತೋಟಕ್ಕೆ ಬಂದು ಚೆನ್ನಾಗಿ ಹಣ್ಣಾದುದನ್ನೇ ಆರಿಸಿ ತಿನ್ನುತ್ತದೆ. ಬೀಜ ಹಿಕ್ಕೆಯಲ್ಲಿ ಹೊರಬರುತ್ತದೆ. ಡಚ್ಚರ ಕಾಲದಲ್ಲಿ ತಾವೇ ಬೆಳೆದ ಹಣ್ಣನ್ನು ಮುಟ್ಟುವಂತಿರದ ಕೂಲಿಗಳು ಈ ಬೀಜವನ್ನು ಆಯ್ದು, ತೊಳೆದು, ಹುರಿದು ಕುಡಿದರೆಂದು ಜನ ಹೇಳುತ್ತಾರೆ. ಆ ಬಡವರ ಕಾಫಿ ಇಂದು ಪ್ರವಾಸಿಗಳಿಗೆ ಮಾರುವ ಅತಿ ದುಬಾರಿ ಸರಕು. ಬೇಡಿಕೆ ಏರಿದ ಮೇಲೆ ಕಾಡಿನಿಂದ ಹಿಡಿದು ತಂದ ಪ್ರಾಣಿಗಳನ್ನು ಇಕ್ಕಟ್ಟಿನ ಪಂಜರದಲ್ಲಿ ಕೂಡಿ, ಕಾಫಿ ಹಣ್ಣನ್ನೇ ತಿನ್ನಿಸುವುದು ಶುರುವಾಯಿತು. ಒಂಟಿಯಾಗಿ ತಿರುಗುವ, ಹತ್ತು ಬಗೆಯ ಹಣ್ಣು–ಹುಳು ತಿಂದು ಬದುಕುವ ಜೀವ ಅದು. ಪಂಜರದಲ್ಲಿ ಸುತ್ತಿದಲ್ಲೇ ಸುತ್ತುತ್ತ ಮೈಕೂದಲು ಕಿತ್ತುಕೊಳ್ಳುತ್ತದೆ. ‘ಕಾಡಿನದು’ ಎಂಬ ಚೀಟಿಯನ್ನು ನಂಬಲು ಅಂಗಡಿಯಲ್ಲಿ ದಾರಿಯಿಲ್ಲ. ಕೊಡಗಿನಲ್ಲೂ ಈ ಕಾಫಿ ಮಾರುವವರಿದ್ದಾರೆ, ಅಲ್ಲಿಗೂ ಇದೇ ಮಾತು ಅನ್ವಯ. ಅದೇ ದುಡ್ಡಿಗೆ ಇಜೆನ್‌ನದೋ ಪ್ರಿಯಾಂಗಾನ್‌ನದೋ ಒಳ್ಳೆಯ ಅರೇಬಿಕಾ ಹಲವು ಪಟ್ಟು ಬರುತ್ತದೆ. ಹಣ ಬೆಳೆದವರಿಗೆ ಮುಟ್ಟುತ್ತದೆ.

ಕಂಪ್ಯೂಟರಿನ ಜಾವಾಕ್ಕೂ ಈ ಜಾವಾಕ್ಕೂ ಸಂಬಂಧವಿದೆಯೇ?

ಇದೆ. ಸನ್ ಮೈಕ್ರೋಸಿಸ್ಟಮ್ಸ್‌ನವರು ಆ ಪ್ರೋಗ್ರಾಮಿಂಗ್ ಭಾಷೆಗೆ ಮೊದಲು ಇಟ್ಟಿದ್ದ ಹೆಸರು ಓಕ್. ಆ ಹೆಸರು ಬಳಸುವಂತಿಲ್ಲವಾದಾಗ 1995ರಲ್ಲಿ ಜಾವಾ ಎಂದಿಟ್ಟರು. ಅಮೆರಿಕದ ಆಡುಮಾತಿನಲ್ಲಿ ಜಾವಾ ಎಂದರೆ ಕಾಫಿ. ಲಾಂಛನದಲ್ಲಿ ಹಬೆಯಾಡುವ ಬಟ್ಟಲು ಇರುವುದು ಅದಕ್ಕೇ.

ತೋಟ, ಜನ, ಕಾಫಿ ಮೂರನ್ನೂ ನೋಡಲು ಎಲ್ಲಿಗೆ ಹೋಗಬೇಕು?

ಸಮಯ ಕಡಿಮೆಯಿದ್ದರೆ ಪೂರ್ವ ತುದಿಗೆ ಹೋಗಿ. ಬೊಂಡೊವೊಸೊ ಕಡೆಯಿಂದ ಹತ್ತಿದರೆ ಇಜೆನ್ ತೋಟಗಳು, ತೋಟದ ಅತಿಥಿಗೃಹಗಳು. ಮೇಲೆ ಗಂಧಕದ ಹೊಗೆಯಾಡುವ ಬೆಟ್ಟದ ಬಾಯಿ. ಬನ್ಯುವಾಂಗಿ ಕಡೆಗೆ ಇಳಿದರೆ ಓಸಿಂಗ್ ಜನರ ಕೆಮಿರೆನ್ ಹಳ್ಳಿ. ಅಲ್ಲಿ ‘ಹತ್ತು ಸಾವಿರ ಕಾಫಿ’ ಎಂಬ ಹಬ್ಬ ನಡೆಸುತ್ತಾರೆ. ಆ ರಾತ್ರಿ ಬೀದಿಯ ಪ್ರತಿ ಮನೆಯವರೂ ಮೇಜು, ಬೆಂಚು ಹೊರಗಿಟ್ಟು, ಕಪಾಟಿನಲ್ಲಿ ಜೋಪಾನ ಮಾಡಿದ ಹಳೆಯ ಬಟ್ಟಲುಗಳನ್ನು ತೆಗೆದು, ಬಂದವರಿಗೆಲ್ಲ ಕಾಫಿ, ತಿಂಡಿ ಕೊಡುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಒಂದು ಬಟ್ಟಲು ಬಗ್ಗಿಸಿದರೆ ನೆಂಟರಾದಂತೆ ಎಂಬುದು ಅವರ ಮಾತು. ಹಬ್ಬದ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಬರುವಾಗ ಬೀಜ, ಸಸಿ ತರಬಹುದೇ?

ಹುರಿದ ಬೀಜ, ಪುಡಿ ತನ್ನಿ. ಹಸಿ ಬೀಜ, ಹಣ್ಣು, ಸಸಿ ಯಾವುದನ್ನೂ ಚೀಲದಲ್ಲಿ ಹಾಕಿಕೊಂಡು ಬರಬೇಡಿ. ಸಸ್ಯ ಕ್ವಾರಂಟೈನ್ ನಿಯಮ ಅದಕ್ಕೆ ಅಡ್ಡಿ, ಅಡ್ಡಿಯಿರುವುದು ನ್ಯಾಯವೇ. ಕಾಫಿ ಕಾಯಿಯನ್ನು ಕೊರೆಯುವ ಕೀಟ ಕಾಯಿಕೊರಕ ಜಾವಾಕ್ಕೆ ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಭಾರತದಲ್ಲಿ ಅದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಅಲ್ಲಿಂದ ಕೊಡಗು, ಚಿಕ್ಕಮಗಳೂರಿಗೆ ಹರಡಿ ಬೆಳೆಗಾರರಿಗೆ ಅದು ಮಾಡಿದ ನಷ್ಟ ನಿಮಗೆ ಗೊತ್ತೇ ಇದೆ. ಹೊಸ ತಳಿ ಬೇಕೆಂದರೆ ಬಾಳೆಹೊನ್ನೂರಿನವರನ್ನೇ ಕೇಳಿ. ಪುಡಿ ತರುವಾಗ ಪ್ಯಾಕೆಟ್ಟಿನ ಮೇಲೆ ಬೆಟ್ಟದ ಹೆಸರು, ಹುರಿದ ತಾರೀಖು ಇದೆಯೇ ನೋಡಿ. ಎರಡೂ ಇಲ್ಲದ, ಬರೀ ‘ಜಾವಾ’ ಎಂದಷ್ಟೇ ಬರೆದ ಪ್ಯಾಕೆಟ್ ಬಿಟ್ಟುಬಿಡಿ.